ಗಾಣದ ಎತ್ತಿಗೆ ಹೆಲ್ಮೆಟ್ಟು

ಬಸಲಿಂಗಪ್ಪನ ಅಳಿಯ ಯೆನ್ಸ್ ಡೆನ್ಮಾರ್ಕಿನವನು. ಅವನ ಕಸುಬು ಮೋಟರ್‌ಸೈಕಲ್ ಓಡಿಸುವುದು. ಅದಾದರೂ ಎಂಥ ಮೋಟರ್‌ಸೈಕಲ್! ಬ್ರೇಕಿಲ್ಲ, ಇರುವುದು ಒಂದೇ ಗೇರು. ಮಣ್ಣಿನ ಟ್ರ್ಯಾಕಿನಲ್ಲಿ ಎಡಗಾಲು ಊರಿ ಎಡಕ್ಕೇ ಜಾರಿಸುತ್ತ ನಾಲ್ಕು ಸುತ್ತು ಹೊಡೆದರೆ ಪಂದ್ಯ ಮುಗಿಯಿತು. ಸ್ಪೀಡ್‌ವೇ ಅಂತ ಅದರ ಹೆಸರು.

"ನಾಕು ಸುತ್ತು ಹಾಕಿ ಹೊಂಟಲ್ಲೇ ಬಂದು ನಿಂದ್ರತಾರ್ರಿ ನಮ್ಮ ಅಳಿಯಂದ್ರು," ಎಂದು ಬಸಲಿಂಗಪ್ಪ ಬಂದವರಿಗೆಲ್ಲ ಹೇಳುತ್ತಿದ್ದ. "ಗಾಣದ ಎತ್ತಿಗೆ ಹೆಲ್ಮೆಟ್ ಹಾಕಿದ್ಹಂಗ!" ಅಮೆರಿಕದ ಟೆಕ್ಸಸ್‌ನ ಯೂಲೆಸ್ ಊರಿನಲ್ಲಿ ಅವನವು ಎರಡು ಗ್ಯಾಸ್ ಸ್ಟೇಶನ್, ಅಂದರೆ ಪೆಟ್ರೋಲ್ ಬಂಕು. ಅಳಿಯ ಬಂದು ಕೌಂಟರಿನಲ್ಲಿ ಕೂರಲಿ ಎಂಬುದು ಅವನ ಆಸೆ.

ಮಗಳು ಅಮೂಲ್ಯಾ ಫಿಸಿಯೋಥೆರಪಿಸ್ಟ್. ಹ್ಯೂಸ್ಟನ್ನಿನಲ್ಲಿ ಮಣಿಕಟ್ಟು ಮುರಿದುಕೊಂಡು ಅವಳ ಕೈಗೆ ಬಿದ್ದವನು ಯೆನ್ಸ್. ಒಂದು ಕಾಲಕ್ಕೆ ತನ್ನ ದೇಶದ ಜೂನಿಯರ್ ಚಾಂಪಿಯನ್. ಆಮೇಲೆ ಇಂಗ್ಲೆಂಡಿನ ಲೀಗು, ಪೋಲೆಂಡಿನ ಲೀಗು. ಆಮೇಲೆ ಮುರಿದ ಮೂಳೆಗಳು. ಕೊನೆಗೆ ಟೆಕ್ಸಸ್‌ನ ಪ್ರದರ್ಶನ ಪಂದ್ಯಗಳು.

ಈಗ ಮತ್ತೆ ಬಾಗಿಲು ತೆರೆದಿತ್ತು. ಮುಂದಿನ ವಾರ ಆಸ್ಟಿನ್ನಿನ ಪಂದ್ಯ ನೋಡಲು ಪೋಲೆಂಡಿನ ಕ್ಲಬ್ಬಿನವನೊಬ್ಬ ಬರುವವನಿದ್ದ. ಒಪ್ಪಿದನೆಂದರೆ ವಸಂತದಿಂದ ಚಳಿಗಾಲದವರೆಗೆ ಯೆನ್ಸ್ ಅಲ್ಲಿಯೇ. ಅಮೂಲ್ಯಾ ಬಸುರಿ.

"ಹೆರಿಗೆ ಹೊತ್ತಿಗೆ?" ಎಂದು ಕೇಳಿದ್ದಳು.

"ವಿಡಿಯೋ ಕಾಲ್ ಮಾಡ್ತೀನಲ್ಲ," ಎಂದಿದ್ದ, ಚೈನು ಒರೆಸುತ್ತ. ತಲೆ ಎತ್ತಿರಲಿಲ್ಲ.

ಆ ಶನಿವಾರ ಹತ್ತಿರದ ಕಾಪೆಲ್ ಊರಿನಲ್ಲಿ ಕನ್ನಡ ಸಂಘದ ಆಯುಧಪೂಜೆ. ಪಾರ್ಕಿಂಗ್ ಲಾಟಿನಲ್ಲಿ ಕಾರುಗಳು ತೊಳೆದು, ಚೆಂಡುಹೂ ಮುಡಿದು ಸಾಲಾಗಿ ನಿಂತಿದ್ದವು. ಬಸಲಿಂಗಪ್ಪ ಅಳಿಯನ ಗಾಡಿಯನ್ನು ಪಿಕಪ್‌ನಲ್ಲಿ ತಂದು ಇಳಿಸಿದ. ಒಂದು ಸುತ್ತು ಹೊಡೆದು ತೋರಿಸುವುದೆಂದು ಮಾತಾಗಿತ್ತು.

ಯೆನ್ಸ್ ಕಾರುಗಳ ಚಕ್ರದಡಿ ನೋಡಿ ಹೆಂಡತಿಯನ್ನು ಕರೆದ. "ಆ ನಿಂಬೆಹಣ್ಣು ನನ್ನ ಗಾಡಿಗೆ ಬೇಡ ಅಂತ ನಿಮ್ಮಪ್ಪನಿಗೆ ಹೇಳು. ಹಿಂದಿನ ಚಕ್ರ ರಸದ ಮೇಲೆ ಗಿರಕಿ ಹೊಡೆದು, ಒಣ ಕಾಂಕ್ರೀಟು ಸಿಕ್ಕಿದ ತಕ್ಷಣ ಕಚ್ಚಿಕೊಳ್ಳುತ್ತೆ. ನನ್ನನ್ನ ಎತ್ತಿ ಒಗೆಯುತ್ತೆ."

ಅಮೂಲ್ಯಾ ಹೋದಳು. ಬಸಲಿಂಗಪ್ಪ ಗಾಡಿಯ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದ.

"ಅಪ್ಪಾ, ಲಿಂಬಿಹಣ್ಣು..."

"ಇಟ್ಟೀನಿ ಬಿಡವ್ವಾ, ದೊಡ್ಡದೊಡ್ಡವ. ಮ್ಯಾಲೆ ಹೂ ಮುಚ್ಚೀನಿ. ಫೋಟೋಕ್ಕ ಚಂದ ಕಾಣಲಿ."

ಅವಳು ಬಾಯಿ ತೆರೆದಳು. ಕೈ ತಾನಾಗಿಯೇ ಹೊಟ್ಟೆಯ ಮೇಲೆ ಹೋಯಿತು. ಬಾಯಿ ಮುಚ್ಚಿದಳು.

"ಹೇಳಿದೆಯಾ?" ಯೆನ್ಸ್ ಹೆಲ್ಮೆಟ್ ಬಿಗಿಯುತ್ತಿದ್ದ.

"ಹೇಳಿದೆ."

ಕಾಯಿ ಒಡೆಯಿತು, ಮಂಗಳಾರತಿ ಆಯಿತು. ಮಕ್ಕಳೆಲ್ಲ "ಫಾಸ್ಟ್! ಫಾಸ್ಟ್!" ಎಂದು ಕುಣಿದವು. ಯೆನ್ಸ್ ಕ್ಲಚ್ ಬಿಟ್ಟ. ಹೂವು ಸಿಡಿಯಿತು, ಚಕ್ರ ಒಂದು ಗಳಿಗೆ ಸುಮ್ಮನೆ ತಿರುಗಿ, ನೆಲ ಕಚ್ಚಿತು. ಗಾಡಿ ಅವನನ್ನು ಗೋಣಿಚೀಲದಂತೆ ಎಸೆದು ಲೈಟುಕಂಬಕ್ಕೆ ಹೋಗಿ ಬಡಿಯಿತು.

ಜನ ಚಪ್ಪಾಳೆ ತಟ್ಟಿದರು. ಫೋನುಗಳೆಲ್ಲ ಮೇಲೆ. ಸಂಘದ ಕಾರ್ಯದರ್ಶಿ ಸತ್ಯಪ್ರಕಾಶ ಮೈಕಿನಲ್ಲಿ, "ಅದ್ಭುತ! ಡೆನ್ಮಾರ್ಕ್ ಅಳಿಯಂದಿರ ಸಾಹಸ ನೋಡಿ! ಒನ್ಸ್ ಮೋರ್ ಅನ್ನಿ ಎಲ್ರೂ!" ಎಂದ.

ಎಲ್ಲರೂ ಅಂದರು. ಯೆನ್ಸ್ ಏಳಲಿಲ್ಲ. ಕಾಲು ಬಿದ್ದಿದ್ದ ರೀತಿ ನೋಡಿಯೇ ಅಮೂಲ್ಯಾಳಿಗೆ ತಿಳಿಯಿತು: ಎಡಸೊಂಟ.

ಬಸಲಿಂಗಪ್ಪ ಬಗ್ಗಿ ನೆಲ ನೋಡಿದ. "ಹಣ್ಣು ಅಪ್ಪಚ್ಚಿ ಆಗ್ಯಾವ. ದೃಷ್ಟಿ ಹೋತು ಬಿಡು."

ಆಸ್ಟಿನ್ನಿನ ಪಂದ್ಯ ಯೆನ್ಸ್ ಇಲ್ಲದೆ ನಡೆಯಿತು. ಪೋಲೆಂಡಿನವನು ಬೇರೆ ಯಾರನ್ನೋ ಆರಿಸಿಕೊಂಡ. ವಸಂತದಲ್ಲಿ ಮಗಳು ಹುಟ್ಟಿದಾಗ ಯೆನ್ಸ್ ಪಕ್ಕದಲ್ಲೇ ಇದ್ದ, ಊರುಗೋಲಿನ ಸಮೇತ. ಈಗ ಹಗಲೆಲ್ಲ ಗ್ಯಾಸ್ ಸ್ಟೇಶನ್ನಿನ ಎತ್ತರದ ಸ್ಟೂಲಿನ ಮೇಲೆ ಕೂತು ಲಾಟರಿ ಟಿಕೆಟ್ ಹರಿದುಕೊಡುತ್ತಾನೆ. ಮಾವನೊಡನೆ ಮಾತಿಲ್ಲ.

ಸಂಜೆ ಅಮೂಲ್ಯಾ ಅವನ ಕಾಲಿಗೆ ವ್ಯಾಯಾಮ ಮಾಡಿಸುತ್ತಾಳೆ.

"ಅವತ್ತು ನೀನು ಹೇಳಿದ್ದೆ," ಎಂದ ಒಂದು ದಿನ, ಅವಳ ಕೈ ಹಿಡಿದು. "ಆ ಮುದುಕ ಕೇಳಲಿಲ್ಲ. ನೀನೊಬ್ಬಳೇ ನನ್ನ ಪರ."

ಅಮೂಲ್ಯಾ ಕೈ ಬಿಡಿಸಿಕೊಂಡು ಮಂಡಿಯನ್ನು ಎದೆಯ ಕಡೆಗೆ ಇನ್ನಷ್ಟು ಒತ್ತಿದಳು. ಅವನು ಕಿರುಚಿದ. ತೊಟ್ಟಿಲಲ್ಲಿ ಕೂಸು ಎದ್ದು ಅಳತೊಡಗಿತು.

"ಹೋಗಿ ಎತ್ತಿಕೋ," ಎಂದಳು. "ಗೋಡೆ ಹಿಡಿದುಕೊಂಡು, ಬಲಕ್ಕೆ ತಿರುಗಿ ಹೋಗು. ಎಡಕ್ಕೆ ನಿನ್ನ ಕೈಲಾಗಲ್ಲ."