ಹುಳಿ ಬಂತಾ ನೋಡು

ಅವಳ ಕೈಚೀಲವನ್ನು ಅವನು ತಲೆಕೆಳಗು ಮಾಡಿ ಮಂಚದ ಮೇಲೆ ಸುರಿದ. ಬಾಚಣಿಗೆ, ಅರ್ಧ ಮುಗಿದ ಮಾತ್ರೆಪಟ್ಟಿ, ಕರವಸ್ತ್ರ, ಮುರುಟಿದ ಬಸ್ ಟಿಕೆಟ್ಟು, ಜೊತೆ ಕಳೆದುಕೊಂಡ ಒಂದು ಓಲೆ. ಚೀಲದ ಒಳಪದರವನ್ನು ಹೊರಕ್ಕೆಳೆದು ಹೊಲಿಗೆಯ ಸಂದಿಗೆ ಉಗುರು ಹಾಕಿ ಕೆರೆದ. ಬಿಸ್ಕತ್ತಿನ ಪುಡಿ, ಬ್ರೆಡ್ಡಿನ ಚೂರು, ಏನಾದರೊಂದು ಸಿಕ್ಕಿದ್ದರೆ ಸಾಕಿತ್ತು. ಸಿಕ್ಕಿದ್ದು ಬಟ್ಟೆಯ ಜುಂಗು.

"ಸಿಕ್ತಾ?"

ಹೆಂಡತಿ ಬಾಗಿಲಿಗೆ ಒರಗಿ ನಿಂತಿದ್ದಳು. ಆಸ್ಪತ್ರೆಯಿಂದ ಬಂದವಳು ಮುಖ ತೊಳೆಯಲು ಹೋಗಿದ್ದಳು. ನೀರು ಇನ್ನೂ ಗಲ್ಲದಿಂದ ಇಳಿಯುತ್ತಿತ್ತು.

"ಏನು ಸಿಗ್ಬೇಕಿತ್ತು?" ಎಂದ ಅವನು.

"ಅದನ್ನ ಹುಡುಕ್ತಿರೋರು ಹೇಳ್ಬೇಕು. ಚಪ್ಪಲಿ ಹೊರಗಿದೆ, ಅದನ್ನೂ ಬಡಿದು ನೋಡಿ. ಬನ್ನು ಇಟ್ಕೊಂಡಿದ್ರೂ ಇಟ್ಕೊಂಡಿರ್ತೀನಿ."

"ತಮಾಷೆ ಬೇಡ ಕಣೇ. ಡಾಕ್ಟ್ರು ಏನಂದ್ರು, ಕೇಳಿಸ್ಕೊಂಡ್ಯಲ್ಲ?"

"ಕೇಳಿಸ್ಕೊಂಡೆ. ನಿಮಗೆ ಕೇಳಿಸಿದ ಹಾಗೆ ಕೇಳಿಸ್ಲಿಲ್ಲ."

ಡಾಕ್ಟರಮ್ಮ ಹೇಳಿದ್ದು ಇಷ್ಟೇ. ರಕ್ತಪರೀಕ್ಷೆಯ ಅಂಕಿ ಇಳಿಯಬೇಕಿತ್ತು, ಇಳಿದಿಲ್ಲ. ಗೋಧಿ ಎಲ್ಲಿಂದಲೋ ಹೊಟ್ಟೆಗೆ ಹೋಗುತ್ತಲೇ ಇದೆ. "ಹೊರಗಡೆ ಏನಾದ್ರೂ ತಿಂತೀರಾ?" ಎಂದು ಕೇಳಿದ್ದರು. ಇವಳು ಇಲ್ಲ ಎಂದಳು. "ಬೇಜಾರು ಮಾಡ್ಕೋಬೇಡಿ, ಆಸೆ ಅನ್ನೋದು ಎಲ್ರಿಗೂ ಇರುತ್ತೆ" ಎಂದು ಡಾಕ್ಟರಮ್ಮ ಅವಳನ್ನು ಬಿಟ್ಟು ಅವನ ಕಡೆ ನೋಡಿದ್ದರು. ಆ ನೋಟವನ್ನು ಅವನು ಬಸ್ಸಿನಲ್ಲಿ ಮನೆಯವರೆಗೂ ಹೊತ್ತು ತಂದಿದ್ದ.

ಕಾಯಿಲೆಯ ಹೆಸರು ಸೀಲಿಯಾಕ್. ಗೋಧಿ, ಬಾರ್ಲಿಯಂಥ ಕಾಳುಗಳಲ್ಲಿರುವ ಗ್ಲುಟನ್ ಹೊಟ್ಟೆಗೆ ಬಿದ್ದರೆ ಸಾಕು, ಇವಳ ಮೈ ಇವಳದೇ ಕರುಳನ್ನು ಹೊಡೆಯಲು ನಿಲ್ಲುತ್ತದೆ. ಔಷಧಿಯಿಲ್ಲ, ಬಿಡುವುದೇ ಔಷಧಿ. ಒಂದು ಚೂರೂ ಕೂಡದು, ಉಗುರಿಗೆ ಮೆತ್ತಿದಷ್ಟೂ ಕೂಡದು ಎಂದು ಮೊದಲ ದಿನವೇ ಹೇಳಿದ್ದರು.

ಅವನು ಬಿಡಿಸಿದ. ಬಿಡಿಸಿದ ರೀತಿ ಇಡೀ ಬೀದಿಗೆ ಗೊತ್ತು. ಬ್ರೆಡ್ ಕೊಯ್ಯುವ ಹಲಗೆ, ಟೋಸ್ಟರ್, ಜರಡಿ, ಮರದ ಸೌಟು ಎಲ್ಲ ಕಸದ ಗಾಡಿಗೆ ಹೋದವು. ಕೆಳಮನೆಯವರು ಮಗುವಿನ ಹುಟ್ಟಿದ ದಿನವೆಂದು ಕೇಕ್ ತಂದರೆ, "ನನ್ನ ಹೆಂಡತೀನ ಸಾಯಿಸ್ಬೇಕು ಅಂತಿದ್ದೀರಾ?" ಎಂದು ಮೆಟ್ಟಿಲ ಮೇಲೆ ನಿಂತು ಕೂಗಿದ. ಆ ಮನೆಯವರು ಈಗ ಇವನನ್ನು ಕಂಡರೆ ಗೋಡೆ ಕಂಡ ಹಾಗೆ ಹೋಗುತ್ತಾರೆ. ಮೂಲೆಯಂಗಡಿಯವನ ಜೊತೆ ಮೆಣಸಿನಪುಡಿಗೆ ಹಿಟ್ಟು ಬೆರೆಸಿದ್ದೀಯ ಎಂದು ಕೈ ಕೈ ಮಿಲಾಯಿಸುವ ತನಕ ಹೋಗಿತ್ತು. ತಾನೂ ಬ್ರೆಡ್ಡು ಬಿಟ್ಟ, ಟೀ ಜೊತೆ ಬಿಸ್ಕತ್ತು ಬಿಟ್ಟ. ಕಾಯಿಲೆಗೆ ಕೆನ್ನೆ ಇರುವುದಿಲ್ಲ. ಇದ್ದಿದ್ದರೆ ಎಂದೋ ಬಾರಿಸಿರುತ್ತಿದ್ದ.

ಇಷ್ಟಾದರೂ ಅವಳು ಒಣಗುತ್ತಲೇ ಇದ್ದಳು. ಬಾಯಲ್ಲಿ ಹುಣ್ಣು, ತಮಟೆಯಂತೆ ಉಬ್ಬಿದ ಹೊಟ್ಟೆ, ಬಕೆಟ್ಟು ಎತ್ತಿದರೆ ಏದುಸಿರು. ಬೆರಳಿನಿಂದ ಉಂಗುರ ಜಾರುತ್ತದೆಂದು ಅದಕ್ಕೆ ಪುಸ್ತಕ ಹೊಲಿಯುವ ದಾರ ಸುತ್ತಿಕೊಂಡಿದ್ದಳು. ಹಾಗಾದರೆ ಲೆಕ್ಕ ತಪ್ಪಿದ್ದೆಲ್ಲಿ? ಮನೆಯಲ್ಲಿ ಗೋಧಿಯಿಲ್ಲ. ಹೊಟ್ಟೆಯಲ್ಲಿ ಇದೆ. ನಡುವೆ ಇರುವುದು ಇವಳೊಬ್ಬಳೇ.

ಸಂಜೆ ಅಕ್ಕ ಫೋನ್ ಮಾಡಿದಳು. ಅವನಿಗೆ ತಾಯಿಯ ಜಾಗದಲ್ಲಿದ್ದವಳು. ಅವಳ ದನಿಗೆ ಫೋನೇ ಬೇಕಿರಲಿಲ್ಲ. ಅಡುಗೆಮನೆಯಲ್ಲಿದ್ದ ಹೆಂಡತಿಗೂ ಪ್ರತಿ ಮಾತು ಕೇಳುತ್ತಿತ್ತು.

"ನೀನೊಬ್ಬ ಪೆದ್ದ ಕಣೋ. ಬಾಯಿಚಪಲ ಅಂದ್ರೆ ಏನು ಅಂತ ನಿನಗೇನು ಗೊತ್ತು? ನಾನೇ ಸಕ್ಕರೆ ಕಾಯಿಲೆ ಬಂದ್ಮೇಲೆ ನಿಮ್ಮ ಭಾವನ ಕಣ್ತಪ್ಪಿಸಿ ಎಷ್ಟು ನುಂಗಿಲ್ಲ? ಒಂದು ದಿನ ಪೂರ್ತಿ ಅವಳ ಬಾಯಿ ಮೇಲೆ ಕಣ್ಣಿಟ್ಟು ಕೂತ್ಕೋ. ಸಿಕ್ಕೇ ಬೀಳ್ತಾಳೆ."

ಅಡುಗೆಮನೆಯಲ್ಲಿ ಪಾತ್ರೆಯೊಂದು ಜೋರಾಗಿ ಕೆಳಗಿಳಿಯಿತು.

ಬೆಳಿಗ್ಗೆ ಅವನು ಎಲ್ಲೂ ಹೊರಡಲಿಲ್ಲ. ಮನೆಯ ಮುಂದಿನ ಕೋಣೆಯೇ ಅವರ ಬೈಂಡಿಂಗ್ ಶಾಪು. ಕಬ್ಬಿಣದ ಪ್ರೆಸ್ಸು, ರಟ್ಟು ಕತ್ತರಿಸುವ ಯಂತ್ರ, ಗೋಡೆಯುದ್ದಕ್ಕೂ ಬೆನ್ನು ಕಳಚಿದ ಪುಸ್ತಕಗಳ ರಾಶಿ. ಒಂದು ಲೈಬ್ರರಿಯ ಕೆಲಸ ಒಪ್ಪಿಕೊಂಡಿದ್ದರು. ಹೊಲಿಗೆ, ಅಂಟು ಅವಳದು. ರಟ್ಟು, ಬಟ್ಟೆ, ಪ್ರೆಸ್ಸು ಅವನದು.

ಬಾಗಿಲು ತೆರೆದ ಕೂಡಲೇ ಅವನು ಅಭ್ಯಾಸದಂತೆ ಅಂಟಿನ ಬೋಗುಣಿಯ ಮುಚ್ಚಳ ತೆಗೆದು ಅವಳ ಮುಂದೆ ಹಿಡಿದ.

"ಹುಳಿ ಬಂತಾ ನೋಡು."

ಕುದಿಸಿದ ಅಂಟು ರಾತ್ರಿ ಕಳೆದರೆ ಹುಳಿಯಾಗುವುದುಂಟು. ಹುಳಿ ಅಂಟು ಹಚ್ಚಿದ ಪುಸ್ತಕ ತಿಂಗಳೊಳಗೆ ಕಲೆಯಾಗಿ ನಾರುತ್ತದೆ. ಹಾಗೆ ನಾರಿ ಒಂದು ಸಲ ಗೋಣಿಗಟ್ಟಲೆ ಪುಸ್ತಕ ವಾಪಸ್ಸು ಬಂದಿದ್ದವು. ಮೂಗನ್ನು ನಂಬಬೇಡ, ನಾಲಿಗೆಯನ್ನು ನಂಬು ಎಂದು ಅವನಿಗೆ ಕೆಲಸ ಕಲಿಸಿದ ಮುದುಕ ಹೇಳುತ್ತಿದ್ದ. ಇವನ ನಾಲಿಗೆಯೋ ಸಿಗರೇಟು ಸೇದಿ ತೊಗಲಾಗಿತ್ತು. ಮದುವೆಯಾದಾಗಿನಿಂದ ಆ ಕೆಲಸ ಅವಳದೇ. ಅಷ್ಟು ಸೂಕ್ಷ್ಮದ ನಾಲಿಗೆ ಇನ್ನೊಂದಿಲ್ಲವೆಂದು ಅವನು ಗಿರಾಕಿಗಳ ಮುಂದೆ ಜಂಬ ಕೊಚ್ಚಿಕೊಳ್ಳುತ್ತಿದ್ದ.

ಅವಳು ಬೆರಳದ್ದಿ ನಾಲಿಗೆಗಿಟ್ಟುಕೊಂಡಳು. ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಬಾಯಲ್ಲಿ ಆಡಿಸಿ ನುಂಗಿದಳು. "ಇಲ್ಲ. ಇವತ್ತಿಗಾಗುತ್ತೆ."

"ಸರಿ" ಎಂದು ಅವನು ಸ್ಟೂಲನ್ನು ಅವಳೆದುರಿಗೆ ಎಳೆದುಕೊಂಡು ಕಾವಲಿಗೆ ಕೂತ.

ಅವಳ ಬಾಯಿಯನ್ನು ಅವನು ಅಷ್ಟು ಹೊತ್ತು ಎಂದೂ ನೋಡಿರಲಿಲ್ಲ, ಮದುವೆಯ ಹೊಸತರಲ್ಲೂ. ಸೂಜಿಯನ್ನು ತುಟಿಯಲ್ಲಿ ಕಚ್ಚಿಕೊಂಡಳು. ದಾರವನ್ನು ಹಲ್ಲಿನಿಂದ ಕಡಿದಳು. ಹಾಳೆ ಎಣಿಸಲು ಬೆರಳು ಒದ್ದೆ ಮಾಡಿಕೊಂಡಳು. ಮಧ್ಯಾಹ್ನ ಅನ್ನ, ಮೊಟ್ಟೆ. ಆಮೇಲೆ ಅರ್ಧ ಲೋಟ ಹಾಲು. ಬಚ್ಚಲಿಗೆ ಹೋದರೆ ಅವನೂ ಎದ್ದು ಹೊರಗೆ ನಿಂತ.

"ಒಳಗೂ ಬನ್ನಿ. ಕಿಟಕಿಯಿಂದ ಯಾರಾದ್ರೂ ಕೇಕು ಎಸೀತಾರೋ ಏನೋ" ಎಂದಳು ಅವಳು ಬಾಗಿಲ ಹಿಂದಿನಿಂದ. ಮಾತಿನಲ್ಲಿ ನಗು ಇತ್ತು, ದನಿಯಲ್ಲಿ ಇರಲಿಲ್ಲ.

ಹೊತ್ತು ಇಳಿಯುವಷ್ಟರಲ್ಲಿ ಅವನಿಗೆ ತಲೆ ಕೆಟ್ಟಿತು. ಸಿಕ್ಕಿಬಿದ್ದಿದ್ದರೆ ಕೂಗಾಡಿ, ಒಂದಿಷ್ಟು ಅತ್ತು, ಮುಗಿಸಬಹುದಿತ್ತು. ಏನೂ ಸಿಗಲಿಲ್ಲ. ಸಿಗದಿದ್ದರೆ ಸಂತೋಷವಾಗಬೇಕಲ್ಲ? ಆಗುತ್ತಿರಲಿಲ್ಲ. ತಾನು ಯಾರ ಕಡೆ, ಇವಳ ಕಡೆಯೋ ರಿಪೋರ್ಟಿನ ಕಡೆಯೋ, ಅವನಿಗೇ ತಿಳಿಯದಾಯಿತು.

"ಅಂಟು ತಳ ಮುಟ್ತು. ಹಿಟ್ಟೂ ಇಲ್ಲ" ಎಂದಳು ಅವಳು.

ಯಾವಾಗಲೂ ರಟ್ಟಿನ ಜೊತೆ ಪೇಟೆಯ ಸಗಟು ಅಂಗಡಿಯಿಂದ ಮೂಟೆ ತರುತ್ತಿದ್ದ. ಅಷ್ಟು ದೂರ ಹೋದರೆ ಕಾವಲು ತಪ್ಪುತ್ತದೆ. ಮೂಲೆಯಂಗಡಿಗೇ ಹೋದ. ಜಗಳವಾದ ಮೇಲೆ ಇದೇ ಮೊದಲು.

"ಎರಡು ಕೇಜಿ ಮೈದಾ" ಎಂದ, ಅಂಗಡಿಯವನ ಮುಖ ನೋಡದೆ.

ಅಂಗಡಿಯವನು ತಕ್ಕಡಿ ಮುಟ್ಟಲಿಲ್ಲ. "ಓಹೋ, ಏನಪ್ಪಾ ಇದು? ಗೋಧಿ ಅನ್ನೋ ಹೆಸರೇ ಮನೆ ಹೊಸಿಲು ದಾಟಬಾರದು ಅಂತ ನನ್ನ ಕಾಲರ್ ಹಿಡಿದಿದ್ದೆ. ಮೈದಾ ಏನು ಮರದಲ್ಲಿ ಬಿಡುತ್ತಾ?"

"ಬಾಯಿ ಮುಚ್ಕೊಂಡು ತೂಗು. ತಿನ್ನೋದಕ್ಕಲ್ಲ ಇದು. ಅಂಟು ಕುದಿಸೋದಕ್ಕೆ."

"ಹಾಗೆ ಹೇಳು ಮತ್ತೆ. ತಿನ್ನಲ್ವಲ್ಲ, ಸರಿ." ಅವನು ತೂಗಿ ಕೊಟ್ಟ.

ಇವನು ಗೆದ್ದವನಂತೆ ಪೊಟ್ಟಣ ಬಗಲಿಗಿಟ್ಟುಕೊಂಡು ಹೊರಟ. ತಿನ್ನಲ್ವಲ್ಲ, ಸರಿ. ಔಷಧಿಯಂಗಡಿ ದಾಟಿದ. ತಿನ್ನಲ್ವಲ್ಲ. ಸೈಕಲ್ ರಿಪೇರಿಯವನು ಏನೋ ಕೇಳಿದ, ಇವನಿಗೆ ಕೇಳಿಸಲಿಲ್ಲ. ಅವಳ ಮುಚ್ಚಿದ ಕಣ್ಣುಗಳು ಕಂಡವು, ಬಾಯಲ್ಲಿ ಆಡುವ ನಾಲಿಗೆ ಕಂಡಿತು, ಗಂಟಲು ಮೇಲೆ ಕೆಳಗೆ ಆಗಿದ್ದು ಕಂಡಿತು. ನುಂಗಿದಳು. ದಿನಾ ನುಂಗುತ್ತಾಳೆ. ಕೊಡುವುದು ಯಾರು?

ಅವನು ಚರಂಡಿಯ ಕಟ್ಟೆಯ ಮೇಲೆ ಕೂತುಬಿಟ್ಟ.

ಆ ಮನೆಯಲ್ಲಿ ಗೋಧಿ ಎಂದರೆ ಅಡುಗೆಮನೆಯದು. ಅಂಟು ಎಂದರೆ ಸೂಜಿ, ದಾರ, ರಟ್ಟುಗಳ ಜಾತಿಯದು. ಅದನ್ನು ತಿನ್ನುವ ವಸ್ತು ಎಂದು ಅವನೂ ನೆನೆದಿರಲಿಲ್ಲ, ಅವಳೂ ನೆನೆದಿರಲಿಲ್ಲ. ಏನು ತಿಂತೀರಿ ಎಂದು ಡಾಕ್ಟರಮ್ಮ ನೂರು ಸಲ ಕೇಳಿದ್ದರು. ಏನು ನೆಕ್ಕುತ್ತೀರಿ ಎಂದು ಯಾಕೆ ಕೇಳಲಿಲ್ಲ? ಸಿಟ್ಟು ಬಂತು. ಡಾಕ್ಟರಮ್ಮನ ಮೇಲೆ ಬಂದ ಸಿಟ್ಟು ಕೆಲಸ ಕಲಿಸಿದ ಮುದುಕನ ಮೇಲೆ ಹೋಯಿತು. ಅವನು ಸತ್ತು ಎಷ್ಟೋ ಕಾಲವಾಗಿತ್ತು. ಅಲ್ಲಿಂದ ಅಕ್ಕನ ಮೇಲೆ, ಅಂಗಡಿಯವನ ಮೇಲೆ. ಎಲ್ಲ ಸುತ್ತಿ ಬಂದ ಸಿಟ್ಟಿಗೆ ನಿಲ್ಲಲು ಜಾಗವಿರಲಿಲ್ಲ. ಇದೇ ಕಾರಣವೆಂದು ಹೇಳುವವರಾದರೂ ಯಾರು? ಬೆರಳ ತುದಿಯಷ್ಟು ಅಂಟಿಗೆ ಒಂದು ಹೆಣ್ಣು ಇಷ್ಟು ಸವೆಯಬಹುದೇ? ಉಗುರಿಗೆ ಮೆತ್ತಿದಷ್ಟೂ ಕೂಡದು ಎಂದಿದ್ದರಲ್ಲ.

ಹೇಳದೆ ಇರಬಹುದು ಎಂದೂ ಒಂದು ಯೋಚನೆ ಬಂತು. ನಾಳೆಯಿಂದ ಅಕ್ಕಿಹಿಟ್ಟಿನ ಅಂಟು ಕುದಿಸಿದರಾಯಿತು. ಅವಳು ಸುಧಾರಿಸಿಕೊಳ್ಳುತ್ತಾಳೆ. ಕದ್ದು ತಿನ್ನುವುದನ್ನು ಬಿಟ್ಟಳು ಎಂದು ಅಕ್ಕ ಅಂದುಕೊಳ್ಳುತ್ತಾಳೆ. ಎಲ್ಲರಿಗೂ ಒಳ್ಳೆಯದೇ. ಆ ಯೋಚನೆ ಅವನಿಗೆ ಎಷ್ಟು ಹಿತವಾಯಿತೆಂದರೆ, ಹೆದರಿ ಎದ್ದು ನಿಂತ.

ಮನೆಗೆ ಬಂದಾಗ ಅವಳು ಬೋಗುಣಿಯ ತಳ ಕೆರೆಯುತ್ತಿದ್ದಳು. "ಇಷ್ಟು ಉಳಿದಿದೆ. ಹೊಸದಕ್ಕೆ ಸೇರಿಸ್ಬಹುದಾ ನೋಡ್ತೀನಿ" ಎಂದು ಬೆರಳನ್ನು ಬಾಯಿಯ ಹತ್ತಿರ ತಂದಳು.

ಅವನು ಧಾವಿಸಿ ಬಂದು ಅವಳ ಮುಂಗೈ ಹಿಡಿದ. ಗಟ್ಟಿಯಾಗಿಯೇ ಹಿಡಿದ. ಅವಳ ಮುಖ ಬಿಳಿಚಿತು, ಆಮೇಲೆ ಕೆಂಪಾಯಿತು.

"ಇದನ್ನೂ ಕದ್ದು ತಿಂತಿದ್ದೀನಿ ಅಂತಾನಾ ಈಗ?"

"ಹೂಂ" ಎಂದ ಅವನು. ಬೇರೇನೋ ಹೇಳಬೇಕಿತ್ತು. "ಅಲ್ಲ. ಕದ್ದಲ್ಲ. ನಾನೇ... ಇದು ಮೈದಾ ಕಣೇ."

"ಮೈದಾನೇ. ಇನ್ನೇನು ಸಿಮೆಂಟಾ?" ಎಂದವಳು ಅಲ್ಲೇ ನಿಂತಳು. ಅವನ ಬಗಲಿನ ಪೊಟ್ಟಣ ನೋಡಿದಳು, ತನ್ನ ಬೆರಳು ನೋಡಿದಳು. ಅಂಟು ನಿಧಾನವಾಗಿ ಉಂಗುರದ ದಾರದ ಕಡೆಗೆ ಇಳಿಯುತ್ತಿತ್ತು.

ಆಮೇಲೆ ಅವಳು ನಲ್ಲಿಯ ಹತ್ತಿರ ಹೋಗಿ ಕೈ ತೊಳೆದಳು. ಬಾಯಿ ಮುಕ್ಕಳಿಸಿದಳು, ಮತ್ತೆ ಮುಕ್ಕಳಿಸಿದಳು. ಉಂಗುರ ತೆಗೆದು ದಾರ ಬಿಚ್ಚಿ ಎಸೆದಳು.

"ಬೇಲಿನೇ ಎದ್ದು ಹೊಲ ಮೇಯ್ದ ಹಾಗಾಯ್ತು" ಎಂದಳು ಬೆನ್ನು ತಿರುಗಿಸಿಯೇ.

"ನನಗೆ ಗೊತ್ತಿರ್ಲಿಲ್ಲ. ಆಣೆಗೂ."

"ನನಗೂ ಗೊತ್ತಿರ್ಲಿಲ್ಲ. ಅದಕ್ಕಲ್ಲ ನಾನು ಹೇಳಿದ್ದು." ಅವಳು ಈ ಕಡೆ ತಿರುಗಿದಳು. "ಗೋಧಿ ಹೋಗ್ಲಿ ಬಿಡಿ. ನಾನು ತಿಂದಿಲ್ಲ ಅಂದೆನಲ್ಲ, ಅದು ಯಾವ ಕಿವಿಗೆ ಬಿತ್ತು ನಿಮಗೆ?"

ಅವನು ಪೊಟ್ಟಣವನ್ನು ಎಲ್ಲಿಡಬೇಕೆಂದು ತಿಳಿಯದೆ ಇನ್ನೂ ಬಗಲಲ್ಲೇ ಹಿಡಿದಿದ್ದ. ಒಳಗಿಡುವಂತಿಲ್ಲ. ಹೊರಗೆಸೆದರೆ ನಾಳೆಯ ಕೆಲಸ? ಈ ಪುಸ್ತಕಗಳನ್ನೆಲ್ಲ ಇವಳು ಇನ್ನು ಮುಟ್ಟಬಹುದೋ ಬಾರದೋ? ಈ ಮೇಜು? ಇವನ ಕೈ?

"ನಿಮ್ಮಕ್ಕನಿಗೆ ಫೋನ್ ಮಾಡಿ" ಎಂದಳು ಅವಳು. "ನನಗೂ ಕೇಳೋ ಹಾಗೆ ಮಾಡಿ."

ಪೊಟ್ಟಣವನ್ನು ಬಾಗಿಲಾಚೆ ಇಟ್ಟು ಬಂದು, ಫೋನನ್ನು ಮೇಜಿನ ಮೇಲಿಟ್ಟು ಸ್ಪೀಕರ್ ಒತ್ತಿದ. ಎರಡನೇ ರಿಂಗಿಗೇ ಅಕ್ಕ ಎತ್ತಿದಳು.

"ಸಿಕ್ಕಿಬಿದ್ಲಾ?"

"ಅಕ್ಕಾ, ಅವಳು ಏನೂ ತಿಂದಿಲ್ಲ. ನಾನೇ ತಿನ್ನಿಸ್ತಿದ್ದೆ. ಅಂಟು ಹುಳಿ ಬಂತಾ ನೋಡು ಅಂತ ದಿನಾ ಅವಳ ಬಾಯಿಗೆ ನಾನೇ ಇಡ್ತಿದ್ದೆ. ಅದು ಮೈದಾ."

ಅಕ್ಕ ದನಿ ತಗ್ಗಿಸಿದಳು.

"ಅವಳು ಪಕ್ಕದಲ್ಲೇ ಇದ್ದಾಳಾ? ಹೂಂ ಅನ್ನು, ಸಾಕು."

"ಇದ್ದಾಳೆ. ಆದ್ರೆ..."

"ಗೊತ್ತಾಯ್ತು ಬಿಡು. ಹೇಳಿಸ್ತಿದ್ದಾಳೆ."

"ಇಲ್ಲಕ್ಕಾ, ನಿಜ ಹೇಳ್ತಿದ್ದೀನಿ."

"ಹೂಂ, ಹೂಂ. ನೀನು ಮೊದಲಿಂದ್ಲೂ ಹೊರಗೆ ಹುಲಿ, ಒಳಗೆ ಇಲಿ. ತಪ್ಪೆಲ್ಲ ನಿನ್ನ ತಲೆ ಮೇಲೆ ಹಾಕ್ಕೊಂಡ್ಯಾ ಪಾಪ?"

"ನನ್ನ ಮಾತು ನಂಬಕ್ಕಾ!" ಅವನು ಮೇಜು ಗುದ್ದಿದ. "ಯಾಕೆ ನಂಬಲ್ಲ ನೀನು? ನಾನು ಯಾಕೆ ಸುಳ್ಳು ಹೇಳ್ಲಿ?"

"ಆಯ್ತಪ್ಪ, ನಂಬಿದೆ. ನಾಳೆ ಅವಳಿಲ್ಲದಾಗ ಫೋನ್ ಮಾಡು." ಅಕ್ಕ ಇಟ್ಟುಬಿಟ್ಟಳು.

ಹೆಂಡತಿಯ ಗಂಟಲಿನಿಂದ ಒಂದು ಸದ್ದು ಬಂತು. ನಗುವೋ ಬಿಕ್ಕೋ ಅವನಿಗೆ ತಿಳಿಯಲಿಲ್ಲ, ಕೇಳಲು ಧೈರ್ಯವಾಗಲಿಲ್ಲ. ಅವಳು ಸ್ಟೂಲಿನ ಮೇಲೆ ಕೂತು ತಲೆಯನ್ನು ಗೋಡೆಗೊರಗಿಸಿದಳು. ಅವನು ನಿಂತೇ ಇದ್ದ. ಮೇಜಿನ ಮೇಲೆ, ಅವಳು ಆಗಷ್ಟೇ ಅಂಟು ಹಚ್ಚಿ ಪ್ರೆಸ್ಸಿಗೆ ಹಾಕದೆ ಬಿಟ್ಟ ಒಂದು ರಟ್ಟು ಇತ್ತು. ಅದರ ಮೇಲಿನ ಕಾಗದ ಗಾಳಿಗೆ ಒಣಗುತ್ತ, ಅಂಚಿನಿಂದ ಸ್ವಲ್ಪ ಸ್ವಲ್ಪವೇ ಸುರುಳಿ ಸುತ್ತಿ ಮೇಲೇಳುತ್ತಿತ್ತು. ಇಬ್ಬರೂ ಅದನ್ನೇ ನೋಡುತ್ತಿದ್ದರು. ಒತ್ತಿ ಹಿಡಿಯಲು ಇಬ್ಬರೂ ಕೈ ಚಾಚಲಿಲ್ಲ.