ಬೇರೂರಲು ಬಿಡದ ಕೈ

ಮನೆ ಬದಲಾಯಿಸುವಾಗ ಪಾತ್ರೆ ಪಡಗ, ಮಂಚ, ಬೀರು ಎಲ್ಲ ನೆಟ್ಟಗೆ ಬಂದವು. ಆದರೆ ಅತ್ತೆ ಕೈಯಾರೆ ಬೆಳೆಸಿದ ಮೂರು ಗುಲಾಬಿ ಗಿಡಗಳಲ್ಲಿ ಎರಡು, ಹೊಸ ಹಿತ್ತಿಲಲ್ಲಿ ನೆಟ್ಟ ವಾರದಲ್ಲೇ ಒಣಗಿ ಕಡ್ಡಿಯಾದವು. ಉಳಿದದ್ದೂ ತಲೆ ಜೋಲುಹಾಕಿ ನಿಂತಿತ್ತು.

ಅತ್ತೆಗೆ ಕಣ್ಣು ಕಾಣದು. ಬೆಳಿಗ್ಗೆ ಎದ್ದೊಡನೆ ಕೇಳುತ್ತಾರೆ, "ಗಿಡಗಳು ಹೇಗಿವೆಯೇ?"

"ನಳನಳಿಸ್ತಿವೆ ಅತ್ತೆ" ಎಂದವಳೇ ಸೊಸೆ ಹಿತ್ತಿಲಿಗೆ ಓಡುತ್ತಾಳೆ. ಈ ಸುಳ್ಳು ಎಷ್ಟು ದಿನ ನಡೆದೀತು? ಬೇರು ಹಿಡಿಯಿತೋ ಇಲ್ಲವೋ ಎಂದು ಗಿಡ ಜಗ್ಗುತ್ತಾಳೆ, ಮಣ್ಣು ಕೆದಕುತ್ತಾಳೆ, ಮತ್ತೆ ನೀರು ಸುರಿಯುತ್ತಾಳೆ. ಕೈ ಸುಮ್ಮನಿದ್ದರೆ ತಾನೆ!

ಒಂದು ದಿನ ಉಳಿದ ಗಿಡದ ಚಿಗುರಿಗೆ ರಸ ಹೀರುವ ಹಸಿರು ಹೇನು ಮುತ್ತಿತ್ತು. ಜೊತೆಗೆ ಮುಳ್ಳುಮುಳ್ಳಾದ ಕರಿ ಹುಳುಗಳು. ಸೊಸೆ ಹುಳ ಕೊಲ್ಲುವ ವಿಷದ ಡಬ್ಬಿ ತಂದಳು. ಒಂದು ಮುಚ್ಚಳ ಸಾಕೆಂದು ಬರೆದಿದ್ದರೂ ಮೂರು ಸುರಿಯಲು ಹೊರಟಳು.

"ಏಯ್, ನಿಲ್ಲು ನಿಲ್ಲು!" ಗೋಡೆಯಾಚೆಯಿಂದ ಕಂಡಕ್ಟರಮ್ಮ ಕೂಗಿದಳು. ಬಸ್ಸಿನಲ್ಲಿ ಟಿಕೆಟ್ ಕೊಡುವ ಈ ಪಕ್ಕದ ಮನೆಯಾಕೆಯ ತಾರಸಿ ತುಂಬ ಗುಲಾಬಿಯೇ. "ಯಾರನ್ನ ಕೊಲ್ಲೋಕೆ ಹೊರಟೆ?"

"ಹುಳ ಅಕ್ಕಾ! ಗಿಡ ತಿಂದು ತೇಗ್ತಿವೆ."

"ಮೊದಲು ಕೂತ್ಕೊಂಡು ಸರಿಯಾಗಿ ನೋಡು."

ಚಡಪಡಿಸುತ್ತಲೇ ಕುಳಿತಳು. ಅರೆ! ಕರಿ ಹುಳು ಹೇನನ್ನು ಹಿಡಿದು ತಿನ್ನುತ್ತಿತ್ತು.

"ಕೆಂಪು ಬೆನ್ನಿಗೆ ಕರಿ ಚುಕ್ಕೆ ಇರುತ್ತಲ್ಲ, ಗುಲಗಂಜಿ ಹುಳ, ಅದರ ಮರಿ ಕಣೇ. ನೋಡೋಕೆ ವಿಕಾರ, ಕೆಲಸ ಬಂಗಾರ. ವಿಷ ಹೊಡೆದ್ರೆ ಇದೂ ಸಾಯುತ್ತೆ. ಹೇನಿಗೆ ನೀರು ಜೋರಾಗಿ ಚಿಮ್ಮಿಸು, ಉದುರುತ್ವೆ."

"ಮತ್ತೆ ಆ ಎರಡು ಗಿಡ ಯಾಕೆ ಹೋದ್ವು?"

"ಕಿತ್ತಿದ್ದು ಯಾವಾಗ?"

"ಮಧ್ಯಾಹ್ನ. ಹುಳ ಇದ್ದೀತು ಅಂತ ಬೇರನ್ನ ಸೋಪು ಹಾಕಿ ತೊಳೆದೆ."

ಕಂಡಕ್ಟರಮ್ಮ ಹಣೆ ಚಚ್ಚಿಕೊಂಡಳು. "ಅಯ್ಯೋ, ನಿನ್ನ ಶುಚಿತನಕ್ಕಿಷ್ಟು! ಬಿಸಿಲಿಳಿದ ಮೇಲೆ ಕೀಳ್ಬೇಕು, ಬೇರಿಗೆ ಅಂಟಿದ ಮಣ್ಣಿನ ಸಮೇತ ಕೂರಿಸ್ಬೇಕು, ನೆರಳು ಮಾಡ್ಬೇಕು. ಆಮೇಲೆ ಜಗ್ಗಬಾರದು. ನೀನು ಮದುವೆಯಾಗಿ ಬಂದ ಹೊಸದ್ರಲ್ಲಿ ನಿನ್ನನ್ನ ದಿನಾ ಎತ್ತಿ ಕುಕ್ಕಿದ್ದಿದ್ರೆ, ಅತ್ತೆ ಮನೇಲಿ ನಿಲ್ತಿದ್ಯಾ?"

ಸೊಸೆ ಹಳೆಯ ಚಾದರದಲ್ಲಿ ನೆರಳು ಕಟ್ಟಿದಳು. ಬೆರಳ ತುದಿಯಿಂದ ಮುಟ್ಟಿ, ಮಣ್ಣು ಒದ್ದೆಯಿದ್ದರೆ ನೀರು ಹಾಕದೆ ಒಳಗೆ ಬರತೊಡಗಿದಳು. ಕೈ ತುರಿಸುತ್ತಲೇ ಇತ್ತು. ಆದರೂ ಜಗ್ಗಲಿಲ್ಲ.

ಒಂದು ಬೆಳಿಗ್ಗೆ ಅತ್ತೆ ಗೋಡೆ ಹಿಡಿದುಕೊಂಡು ತಾವೇ ಹಿತ್ತಿಲಿಗೆ ಬಂದರು. ತಡಕಾಡಿ, ಒಣಗಿದ ಎರಡು ಕಡ್ಡಿ ದಾಟಿ ಮೂರನೆಯ ಗಿಡ ಮುಟ್ಟಿದರು. ಬೆರಳಿಗೆ ಎಳೆ ಚಿಗುರು ಸಿಕ್ಕಿತು.

"ಇದೊಂದಾದರೂ ಬದುಕ್ತು ಕಣೇ."

ಹಿಂದೆಯೇ ಬಂದ ಸೊಸೆ ಕೇಳಿದಳು, "ಅತ್ತೆ, ನಿಮಗೆ ಗೊತ್ತಿತ್ತಾ?"

"ಗಿಡ ಚೆನ್ನಾಗಿದ್ದಿದ್ರೆ ಗಳಿಗೆಗೊಂದ್ಸಲ ಯಾಕೆ ಓಡ್ತಿದ್ದೆ? ಈಗ ನಿನ್ನ ಚಪ್ಪಲಿ ಸದ್ದು ನಿಂತಿದೆ. ಅದಕ್ಕೇ ನೋಡೋಕೆ ಬಂದೆ."

ಸೊಸೆಗೆ ನಗು ಬಂತು, ಅಳುವೂ ಬಂತು.

ನಿಮ್ಮ ಹಿತ್ತಿಲಲ್ಲೂ ಗಿಡ ಬಾಡಿದೆಯೇ? ವಿಷದ ಡಬ್ಬಿಗೆ ಕೈ ಹಾಕುವ ಮೊದಲು ಎಲೆಯಡಿ ಬಗ್ಗಿ ನೋಡಿ. ತಿನ್ನುವವರು ಯಾರು, ಕಾಯುವವರು ಯಾರು ಎಂದು ತಿಳಿದುಕೊಳ್ಳಿ. ಆಮೇಲೆ, ದಯವಿಟ್ಟು, ಗಿಡವನ್ನು ಅದರ ಪಾಡಿಗೆ ಬಿಡಿ.