ಅತ್ತೆಯ ಗೆಲೆ

ಹೆರಿಗೆ ನೋವು ತಡೆಯಲೆಂದು ಬೆನ್ನಿಗೆ ಸೂಜಿ ಚುಚ್ಚಿಸಿಕೊಂಡದ್ದು ಮೊರೆನಿಕೆ, ಮೈ ಉರಿದದ್ದು ಅವಳ ಅತ್ತೆಗೆ. ಇಬಾದಾನ್ ಪಟ್ಟಣದ ಆ ಕೇರಿಯವರೆಲ್ಲ ‘ಮಾಮಾ ಲೇಕನ್’, ಅಂದರೆ ಲೇಕನ್‌ನ ಅಮ್ಮ, ಎಂದು ಕರೆಯುವ ಈ ಮಹಾತಾಯಿ, ತನ್ನ ಸೊಸೆ ಬೈಬಲ್ಲಿನ ಹೀಬ್ರೂ ಹೆಂಗಸರಂತೆ ಸೂಲಗಿತ್ತಿ ಬರುವಷ್ಟರಲ್ಲಿ ಹೆತ್ತು ಮುಗಿಸುತ್ತಾಳೆಂದು ಇಡೀ ಚರ್ಚಿಗೆ ಡಂಗುರ ಸಾರಿದ್ದಳು. ಸೂಜಿ, ಕತ್ತರಿ ಮುಟ್ಟದೆ ಹೆತ್ತವರ ಅತ್ತೆಯರಿಗಷ್ಟೇ ಅಲ್ಲಿ ಮೈಕು ಹಿಡಿದು ಸಾಕ್ಷಿ ಹೇಳುವ ಭಾಗ್ಯ. ಹೆರುವವಳು ಯಾರೋ, ಮೆರೆಯುವವಳು ಯಾರೋ!

“ಹೀಬ್ರೂ ಹೆಂಗಸ್ರು ಸೂಜಿ ಕೇಳಿದ್ರೇನೇ, ಇಯಾವೋ?” ಮನೆಗೆ ಬಂದ ಸೊಸೆಯನ್ನು ಕರೆಯುವ ಆ ಮುದ್ದಿನ ಮಾತನ್ನೂ ಅವಳು ಉಗುಳುವಂತೆ ಆಡಿದಳು.

“ಅವ್ರಿಗೆ ನಿಮ್ಮಂಥ ಅತ್ತೆ ಇರ್ಲಿಲ್ಲ, ಮಾಮಾ.”

ಮದ್ದು ಏರಿತು. ಮೊದಲು ಪಾದ ಬೆಚ್ಚಗಾಯಿತು, ಆಮೇಲೆ ಕಾಲುಗಳು ಯಾರದೋ ಆದವು. ಹೊಟ್ಟೆ ಗಟ್ಟಿಯಾಗುವುದು ಕೈಗೆ ತಿಳಿಯುತ್ತಿತ್ತೇ ಹೊರತು ನೋವಿರಲಿಲ್ಲ. ಮೂಗು ತುರಿಸಿತು. ಹಲ್ಲು ಕಟಕಟಿಸುವಷ್ಟು ನಡುಕ ಬಂತು.

“ನಡುಕ ಈ ಮದ್ದಿಂದೇ, ಹೆದರ್ಬೇಡಿ,” ಎಂದು ಡಾಕ್ಟರ್ ತಿತಿ ಅವಳ ಬಲಸೊಂಟದಡಿ ದಿಂಬು ತುರುಕಿದಳು. “ಇದನ್ನ ಮಾತ್ರ ಯಾರೂ ತೆಗೀಬೇಡಿ. ಬಿಪಿ ಇಳಿಯೋ ಹೊತ್ತು. ಅಂಗಾತ ಮಲಗಿದ್ರೆ ಹೊಟ್ಟೆ ಭಾರ ರಕ್ತನಾಳ ಒತ್ತುತ್ತೆ, ಮಗೂಗೆ ರಕ್ತ ಸಾಲಲ್ಲ.” ಪಕ್ಕದ ಕೋಣೆಯಿಂದ ಯಾರೋ ಕಿರುಚಿದರು. ಡಾಕ್ಟರೂ ನರ್ಸೂ ಅತ್ತ ಓಡಿದರು.

ಆ ಮಾತು ಮಾಮಾ ಲೇಕನ್‌ಳ ಗೆಲೆಯನ್ನು ದಾಟಿ ಒಳಗೆ ಹೋಗಲಿಲ್ಲ. ಮೊಮ್ಮಗುವಿನ ಜೊತೆ ಫೋಟೊ ತೆಗೆಸಿಕೊಳ್ಳಲೆಂದು ಸುತ್ತಿ ಬಂದಿದ್ದ ಆ ಗರಿಗರಿ ತಲೆವಸ್ತ್ರ ಕಿವಿಯನ್ನೂ ಮುಚ್ಚಿತ್ತು.

“ಹೇಗೆ ನಡುಗ್ತಿದಾಳೆ ನೋಡು! ಮೈಮೇಲೆ ಬಂದಿರೋದು ಕೆಟ್ಟದ್ದೇ,” ಎಂದು ಮಗನಿಗೆ ಹೇಳಿದವಳೇ ಎಣ್ಣೆ ಸೀಸೆ ತೆಗೆದಳು. ಹೊಟ್ಟೆಗೆ ಎಣ್ಣೆ ಹಚ್ಚಿ ಪ್ರಾರ್ಥಿಸಲು ಬಸುರಿ ಅಂಗಾತವೇ ಮಲಗಬೇಕಂತೆ. ದಿಂಬನ್ನು ಎಳೆದು ಮೂಲೆಗೆ ಎಸೆದಳು.

ಮೊರೆನಿಕೆಗೆ ಹೊಟ್ಟೆ ತೊಳಸಿತು, ಕಣ್ಣು ಕತ್ತಲಿಟ್ಟಿತು. ಯಂತ್ರದಲ್ಲಿ ದಡದಡ ಓಡುತ್ತಿದ್ದ ಮಗುವಿನ ಎದೆಬಡಿತ ಕುಂಟತೊಡಗಿತು. ಅತ್ತೆಯನ್ನು ಒದೆಯೋಣವೆಂದರೆ ಕಾಲೇ ಇಲ್ಲ.

“ಲೇಕನ್, ಮಗು ಹೋಗುತ್ತೆ! ತಿರುಗ್ಸು ನನ್ನ!”

ಬಾಗಿಲಲ್ಲಿ ನಿಂತು ತಾಯಿಯ ಒಂದೊಂದು ಮಾತಿಗೂ ಆಮೆನ್ ಹಾಕುತ್ತಿದ್ದ ಗಂಡ, ತಾಯಿಯ ಮುಖ ನೋಡಿದ. ಅಪ್ಪಣೆ ಬೇಕಿತ್ತು, ಪಾಪ, ಗಡ್ಡ ಬಂದ ಕೂಸಿಗೆ. ಮೊರೆನಿಕೆಗೆ ಹೇಸಿಗೆಯಾಯಿತು. ಇವನನ್ನು ನಂಬಿದರೆ ಮಗು ಉಳಿಯುವುದಿಲ್ಲ.

ಎಣ್ಣೆ ಹಚ್ಚಲು ಅತ್ತೆ ಬಾಗಿದ್ದೇ ತಡ, ಅವಳ ಗೆಲೆಯನ್ನು ಕಿತ್ತುಕೊಂಡು, ಎಡಗೈಯಲ್ಲಿ ಮಂಚದ ಸರಳು ಜಗ್ಗಿ, ಮುದ್ದೆಮಾಡಿದ ಆ ಬಟ್ಟೆಯನ್ನು ಬಲಸೊಂಟದಡಿ ತುರುಕಿಕೊಂಡು ಡಾಕ್ಟರನ್ನು ಕೂಗಿದಳು. ಅತ್ತೆಗೆ ತನ್ನ ನರೆತ ನಾಲ್ಕು ಕೂದಲು ಮುಚ್ಚಿಕೊಳ್ಳುವುದೇ ದೊಡ್ಡ ಚಿಂತೆಯಾಯಿತು. ಡಾಕ್ಟರ್ ತಿತಿ ಓಡಿಬಂದು ಬಿಪಿ ಏರಿಸುವ ಮದ್ದು ಕೊಡುವಷ್ಟರಲ್ಲಿ ಬಡಿತ ಮತ್ತೆ ಓಟ ಹಿಡಿದಿತ್ತು. ಸಂಜೆ ಹೆಣ್ಣು ಮಗು ಹುಟ್ಟಿತು. ಗಂಟಲು ಮಾತ್ರ ಅಜ್ಜಿಯದೇ.

ಬಾಣಂತನ ಮುಗಿದ ಮೇಲೆ ಚರ್ಚಿನಲ್ಲಿ ದೇವರಿಗೆ ಕೃತಜ್ಞತೆ ಸಲ್ಲಿಸುವ ಭಾನುವಾರ. ಮಾಮಾ ಲೇಕನ್ ಹೊಸ ಗೆಲೆ ಸುತ್ತಿ ಮೈಕು ಹಿಡಿದಳು. “ನನ್ ಸೊಸೆ ಹೀಬ್ರೂ ಹೆಂಗಸಿನ ಹಾಗೇ ಹೆತ್ಲು! ಸೂಜಿ ಇಲ್ಲ, ಮದ್ದಿಲ್ಲ!” ನಾಚಿಕೆ ಅನ್ನುವುದು ಆ ಕಡೆ ಹಾದೂ ಹೋಗಿರಲಿಲ್ಲ.

ಮೊರೆನಿಕೆ ಎದ್ದು ಹೋಗಿ ಮೈಕು ಇಸಿದುಕೊಂಡು ಸಭೆಗೆ ಬೆನ್ನು ತಿರುಗಿಸಿ ನಿಂತಳು. ಬೆನ್ನಿಗೆ ಮಗುವನ್ನು ಕಟ್ಟಿದ್ದು ಆ ಹಳೆಯ ಗೆಲೆಯಿಂದಲೇ. ರಕ್ತದ ಕಲೆ, ಎಣ್ಣೆಯ ಕಲೆ ಎರಡೂ ಹಾಗೇ ಇದ್ದವು.

“ಸೂಜಿ ಬಿದ್ದದ್ದು ಇಲ್ಲೇ, ಈ ಮಗು ಕೂತಿರೋ ಜಾಗದಲ್ಲಿ. ನೋವು ಹೋಯ್ತು, ಸುಖವಾಗಿತ್ತು. ಮಗೂನ ಉಳಿಸಿದ್ದು ಮಾಮಾ ಅವರ ಈ ಗೆಲೆ. ಕೊಲ್ಲೋಕೆ ಹೊರಟಿದ್ದು ಇದರೊಳಗಿದ್ದ ತಲೆ.”

ಇಡೀ ಚರ್ಚಿನಲ್ಲಿ ಅಭ್ಯಾಸಬಲದಿಂದ ಲೇಕನ್ ಒಬ್ಬನೇ, ಗಟ್ಟಿಯಾಗಿ, ಆಮೆನ್ ಅಂದ.